ಕಡಲನ್ನು ಬರೆದ ಪೋಲಿಷ್ ಚಿತ್ರಕಾರ

ಕಡಲಿನ ಬಣ್ಣ ಯಾವುದು ಎಂದು ತರಗತಿಯಲ್ಲಿ ಕೇಳಿದರೆ ಹತ್ತು ಕಂಠಗಳು ಒಟ್ಟಿಗೆ 'ನೀಲಿ' ಎನ್ನುತ್ತವೆ. ಕಾಸರಗೋಡಿನ ಮಕ್ಕಳಿಗೆ ಕಡಲು ದೂರದ್ದಲ್ಲ. ಆಷಾಢದ ಮಳೆಯಲ್ಲಿ ಅದು ಕದಡಿ ಮಣ್ಣಿನ ಬಣ್ಣ ತಾಳುವುದನ್ನೂ, ಸಂಜೆಯ ಹೊತ್ತು ತಾಮ್ರದಂತೆ ಹೊಳೆಯುವುದನ್ನೂ ಕಂಡವರೇ. ಆದರೂ ಬಾಯಿಗೆ ಬರುವುದು ನೀಲಿಯೇ. ಕಣ್ಣು ಕಂಡದ್ದನ್ನು ಬಿಟ್ಟು ರೂಢಿಯ ಮಾತನ್ನು ಹೇಳುವ ಈ ಅಭ್ಯಾಸವನ್ನು ಮುರಿಯಹೊರಟವರು ಫ್ರಾನ್ಸಿನ ಇಂಪ್ರೆಶನಿಸ್ಟ್ ಚಿತ್ರಕಾರರು. 1874ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಮೋನೆ ಬರೆದ ಬಂದರಿನ ಸೂರ್ಯೋದಯದ ಚಿತ್ರವನ್ನು ಒಬ್ಬ ಪತ್ರಕರ್ತ ಹಾಸ್ಯಮಾಡಿದ್ದರಿಂದಲೇ ಅವರಿಗೆ ಆ ಹೆಸರು ಅಂಟಿಕೊಂಡಿತು.

ಈ ಪದ್ಧತಿ 1890ರ ಸುಮಾರಿಗೆ ಪೋಲೆಂಡಿಗೆ ಬಂದಾಗ ಅಲ್ಲಿ ಎದ್ದ ಆಕ್ಷೇಪ ಬೇರೆಯೇ ಬಗೆಯದು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡ ಆ ದೇಶ 1795ರಿಂದ ಭೂಪಟದಲ್ಲೇ ಇರಲಿಲ್ಲ. ರಷ್ಯಾದ ವಶದಲ್ಲಿದ್ದ ಭಾಗದ ಶಾಲೆಗಳಲ್ಲಿ ಪಾಠಗಳೂ ರಷ್ಯನ್ ಭಾಷೆಗೆ ತಿರುಗಿದ್ದವು. ಯಾನ್ ಮಾತೆಯ್ಕೊ ಎಂಬ ಹಿರಿಯ ಚಿತ್ರಕಾರ ಹಳೆಯ ಯುದ್ಧಗಳನ್ನೂ ಅರಸರನ್ನೂ ಬರೆದು ಜನರ ನೆನಪನ್ನು ಕಾಪಾಡುತ್ತಿದ್ದ. ಹೀಗಿರುವಾಗ ಪರಾಧೀನ ನಾಡಿನ ಕಲಾವಿದ ಬಿಸಿಲನ್ನೂ ಅಲೆಯನ್ನೂ ಬರೆಯುತ್ತ ಕೂರುವುದೇ? ಪ್ರಶ್ನೆ ಸುಲಭದ್ದಲ್ಲ. ಚಿತ್ರದ ಬೆಲೆ ಅದರ ವಸ್ತುವಿನಲ್ಲಿಲ್ಲ, ಬರೆದ ರೀತಿಯಲ್ಲಿದೆ ಎಂದು ವಿಮರ್ಶಕ ವಿಟ್ಕೇವಿಚ್ ವಾದಿಸಿದ. ಮಾತೆಯ್ಕೊನ ಮೇಲೆ ನನಗೆ ಗೌರವವಿದ್ದರೂ ಈ ವಾದವೇ ಸರಿಯೆನಿಸುತ್ತದೆ.

ವ್ಲಾಡಿಸ್ಲಾವ್ ಶ್ಲೆವಿನ್‌ಸ್ಕಿ ಆ ರಷ್ಯನ್ ಆಳ್ವಿಕೆಯ ಭಾಗದಲ್ಲಿ, ಜಮೀನುದಾರರ ಮನೆಯಲ್ಲಿ ಹುಟ್ಟಿದವನು. 1888ರಲ್ಲಿ ಪ್ಯಾರಿಸಿಗೆ ಹೋದಾಗ ಮೂವತ್ತು ದಾಟಿತ್ತು. ಅಲ್ಲಿ ಗೋಗಾನ್ ಎಂಬ ಪ್ರಸಿದ್ಧ ಚಿತ್ರಕಾರನ ಸ್ನೇಹವಾಗಿ, ಕುಂಚವೇ ಬದುಕಾಯಿತು. ಮುಂದೆ ಫ್ರಾನ್ಸಿನ ಪಶ್ಚಿಮಕ್ಕಿರುವ ಬ್ರಿಟಾನಿಯ ಕರಾವಳಿಯಲ್ಲಿ ನೆಲೆಸಿ, ವರುಷಗಟ್ಟಲೆ ಅಲ್ಲಿನ ಕಡಲನ್ನೇ ಬರೆದ. 1904ರಲ್ಲಿ ಬರೆದದ್ದು ಬೆಲ್ ಈಲ್ ದ್ವೀಪದ ಕಡಲು.

ಅದೇ ದ್ವೀಪದಲ್ಲಿ 1886ರಲ್ಲಿ ಮೋನೆಯೂ ಕೂತು ಬರೆದಿದ್ದ. ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೋನೆಯ ನೀರು ನೂರಾರು ಚಿಕ್ಕ ಗೀರುಗಳಾಗಿ ಒಡೆದು ಮಿಣುಗುತ್ತದೆ. ಹತ್ತಿರ ಹೋದರೆ ಬರಿಯ ಬಣ್ಣ, ದೂರ ಸರಿದರೆ ಅಲೆ. ಶ್ಲೆವಿನ್‌ಸ್ಕಿ ಅವರಿಂದ ಬೆಳಕನ್ನು ಕಲಿತರೂ ಗೀರುಗಳನ್ನು ಒಪ್ಪಲಿಲ್ಲ. ಗೋಗಾನನಂತೆ ಬಣ್ಣವನ್ನು ಅಗಲವಾಗಿ ಹಾಸಿ, ಬಂಡೆಗೂ ನೊರೆಗೂ ಸ್ಪಷ್ಟವಾದ ಅಂಚು ಕೊಟ್ಟ. ಆತನ ಕಡಲಚಿತ್ರಗಳಲ್ಲಿ ಹಡಗು, ಮನುಷ್ಯರು ಕಾಣುವುದು ಅಪರೂಪ. ಬಂಡೆ, ನೀರು, ಮೇಲೆ ತೆಳುವಾದ ಒಂದು ಪಟ್ಟಿ ಆಕಾಶ, ಅಷ್ಟೇ. ಅಪ್ಪಟ ಇಂಪ್ರೆಶನಿಸ್ಟ್ ಎಂದು ಈತನನ್ನು ಕರೆಯಲಾಗದು; ಕರೆಯದಿದ್ದರೆ ನಷ್ಟವೂ ಇಲ್ಲ.

1918ರ ಮಾರ್ಚಿಯಲ್ಲಿ ಶ್ಲೆವಿನ್‌ಸ್ಕಿ ಪ್ಯಾರಿಸಿನಲ್ಲಿ ತೀರಿಕೊಂಡ. ಅದೇ ನವೆಂಬರಿನಲ್ಲಿ ಪೋಲೆಂಡ್ ಸ್ವತಂತ್ರವಾಯಿತು. 1920ರ ಫೆಬ್ರವರಿ 10ರಂದು ಪುಟ್ಸ್ಕ್ ಎಂಬ ಊರಿನ ದಡದಲ್ಲಿ ಜನರಲ್ ಹಾಲ್ಲರ್ ನೀರಿಗೆ ಉಂಗುರವೊಂದನ್ನು ಎಸೆದು, ಮರಳಿ ದೊರೆತ ಕಡಲನ್ನು ದೇಶಕ್ಕಾಗಿ ವರಿಸಿದ. ಬೆಲ್ ಈಲ್‌ನ ಕಡಲಿನ ಆ ಚಿತ್ರ ವಾರ್ಸಾದ ರಾಷ್ಟ್ರೀಯ ಸಂಗ್ರಹಾಲಯ ಸೇರಿದೆ.