ಓರೋವಿಲ್ ಪಟ್ಟಣದ ಒಂದು ಕಲ್ಲು

ಕಳೆದ ವರ್ಷ ಫೆಬ್ರವರಿಯಿಂದ ಏಪ್ರಿಲ್ ಪರ್ಯಂತ ನಾವು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾಕ್ರಮೆಂಟೊ ನಗರದಲ್ಲಿ, ನಮ್ಮ ಪುತ್ರಿಯ ಮನೆಯಲ್ಲಿದ್ದೆವು. ಹೋದ ಎರಡನೆಯ ದಿನವೇ ಆಕೆ, “ಅಪ್ಪಾ, ನಾನು ಸಂಜೆಯ ಹೊತ್ತು ಮಾನವಶಾಸ್ತ್ರ ಓದುತ್ತಿದ್ದೇನೆ” ಎಂದಳು. ಸಂಸ್ಕೃತಪಾಠ ಹೇಳಿ ತಲೆ ನರೆತವರಿಗೆ ಆ ಶಬ್ದದಿಂದ ತೋರುವುದು ಮನುವಿನ ಧರ್ಮಶಾಸ್ತ್ರವೊಂದೇ. ಎರಡು ಮಕ್ಕಳ ತಾಯಿಗೆ ಈಗ ಮನುಸ್ಮೃತಿಯೇಕೆಂದು ಬೆರಗಾದೆವು. ಆಕೆ ನಕ್ಕು, “ಅದು ಮನುಷ್ಯ ಹೇಗಿರಬೇಕೆಂದು ಹೇಳುವ ಶಾಸ್ತ್ರ, ಇದು ಹೇಗಿದ್ದಾನೆಂದು ಕೇಳುವ ಶಾಸ್ತ್ರ. ನೀವೇ ಬಂದು ನೋಡಿ” ಎಂದಳು.

ಆ ದೇಶದಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ವಿದ್ಯಾಶಾಲೆಗಳುಂಟು. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನಲ್ಲಿ ಮೊದಲನೆಯದು ಆರಂಭವಾಯಿತು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲಿಯೇ 116 ಇವೆ. ಹದಿನೆಂಟು ತುಂಬಿದವರು ಯಾರು ಬಂದರೂ ಸೇರಿಸಿಕೊಳ್ಳುವರು. ಆ ಸಂಸ್ಥಾನದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರು ಶುಲ್ಕ. ಎರಡು ವರ್ಷ ಇಲ್ಲಿ ಓದಿ ವಿಶ್ವವಿದ್ಯಾನಿಲಯಕ್ಕೆ ಹೋಗುವವರೂ ಉಂಟು, ಕೇವಲ ತಿಳಿವಿಗಾಗಿ ಬರುವವರೂ ಉಂಟು.

ಉಪಾಧ್ಯಾಯಿನಿಯ ಅಪ್ಪಣೆ ಪಡೆದು ನಾವು ಹಿಂದಿನ ಸಾಲಿನಲ್ಲಿ ಕುಳಿತೆವು. ಆಸ್ಪತ್ರೆಯ ಉಡುಪಿನಲ್ಲಿಯೇ ಬಂದ ದಾದಿ, ಹೋಟೆಲಿನ ಅಡಿಗೆಯವನು, ಸೈನ್ಯದಿಂದ ನಿವೃತ್ತನಾದವನು, ಇವರೆಲ್ಲ ಸಹಪಾಠಿಗಳು. ದೇಹ, ಭೂಗತವಾದ ಅವಶೇಷಗಳು, ಭಾಷೆ, ಆಚಾರ ಎಂದು ಈ ಶಾಸ್ತ್ರಕ್ಕೆ ನಾಲ್ಕು ಅಂಗಗಳೆಂದು ತಿಳಿದುಕೊಂಡೆವು. ಒಂದು ಗಂಟೆ ಅಂಗಡಿಯೊಂದರಲ್ಲಿ ನಿಂತು ಕಂಡದ್ದನ್ನು ಬರೆದು ತರಬೇಕೆಂಬುದು ಮೊದಲ ಅಭ್ಯಾಸ. “ಹಣ ಎಣಿಸುವ ಹುಡುಗಿ ಗರ್ವಿಷ್ಠೆ” ಎಂದು ನಾವು ಬರೆದಿದ್ದೆವು. “ನೀವು ಕಂಡದ್ದೇನು?” ಎಂದು ಆಕೆ ಕೇಳಿದರು. ಹುಡುಗಿ ತಲೆಯೆತ್ತಲಿಲ್ಲವೆಂದೆವು. “ಕಂಡದ್ದು ಅಷ್ಟೆ, ಮಿಕ್ಕದ್ದು ನೀವು ಸೇರಿಸಿದ್ದು” ಎಂದು ಆ ವಾಕ್ಯಕ್ಕೆ ಗೆರೆ ಎಳೆದರು. ಮೂವತ್ತೈದು ವರ್ಷ ಮಕ್ಕಳ ಪ್ರಬಂಧಗಳಿಗೆ ಕೆಂಪು ಗೆರೆ ಎಳೆದ ನಮಗೆ ಅದು ಹೊಸ ಅನುಭವ.

ಮುಂದೊಂದು ಸಂಜೆ ಇಶಿಯ ಕಥೆ ಬಂದಿತು. ಆತ ಸಿಕ್ಕಿದ ಊರು ಹತ್ತಿರವೇ ಎಂದು ತಿಳಿದು, ಭಾನುವಾರ ಅಳಿಯಂದಿರು ನಮ್ಮನ್ನು ಕರೆದುಕೊಂಡು ಹೊರಟರು. ಉತ್ತರಕ್ಕೆ ಸುಮಾರು 70 ಮೈಲಿ. ಎರಡು ಕಡೆಯೂ ವಾಲ್ನಟ್ ತೋಟಗಳು, ಬತ್ತದ ಗದ್ದೆಗಳು. ಫೆದರ್ ನದಿಯ ದಡದ ಆ ಪಟ್ಟಣದ ಹೆಸರು ಓರೋವಿಲ್. ಸ್ಪಾನಿಷ್ ಭಾಷೆಯಲ್ಲಿ ಓರೋ ಎಂದರೆ ಚಿನ್ನ. 1849ರ ಚಿನ್ನದ ಆಸೆಯೇ ಈ ಬೆಟ್ಟಗಳಿಗೆ ಜನರನ್ನು ತಂದಿತು. ಬಂದವರ ಬಂದೂಕಿಗೂ ರೋಗಕ್ಕೂ ಹಸಿವಿಗೂ ಸಿಕ್ಕಿ, ಅಲ್ಲಿ ಬೇಟೆಯಾಡಿಕೊಂಡಿದ್ದ ಯಾಹಿ ಎಂಬ ಜನ ನಾಶವಾದರು.

1911ರ ಆಗಸ್ಟ್ 29ರಂದು ಊರಂಚಿನ ಕಸಾಯಿಖಾನೆಯ ಬಳಿ ಒಬ್ಬ ಗಂಡಸು ಹಸಿದು ಬಳಲಿ ನಿಂತಿದ್ದ. ಆತನ ಮಾತು ಯಾರಿಗೂ ತಿಳಿಯದೆ ಸೆರೆಮನೆಯಲ್ಲಿರಿಸಿದರು. ವಿಶ್ವವಿದ್ಯಾನಿಲಯದಿಂದ ವಾಟರ್ಮನ್ ಎಂಬ ವಿದ್ವಾಂಸನು ನೆರೆಯ ಯಾನಾ ಜನರ ಶಬ್ದಗಳ ಪಟ್ಟಿಯನ್ನು ತಂದು ಒಂದೊಂದಾಗಿ ಓದಿದ. ಮಂಚದ ಮರವನ್ನು ತಟ್ಟಿ “ಸಿವಿನಿ” ಎಂದಾಗ ಆತನ ಮುಖ ಅರಳಿತು. ಸಿವಿನಿ ಎಂದರೆ ಹಳದಿ ಪೈನ್ ಮರ. ಮಂಚ ಆ ಮರದ್ದೇ ಆಗಿತ್ತು.

ಆತ ತನ್ನ ಹೆಸರನ್ನು ಕಡೆಯವರೆಗೂ ಹೇಳಲಿಲ್ಲ. ಕೇಳಿದವನಿಗೆ ತನ್ನ ಹೆಸರನ್ನು ತಾನೇ ಹೇಳುವುದು ಅವರಲ್ಲಿ ಅನಾಚಾರ. ಗಂಡನ ಹೆಸರೆತ್ತದ ಅಜ್ಜಿಯರನ್ನು ಕಂಡ ನಮ್ಮ ವಾಚಕಿಯರಿಗೆ ಇದು ವಿಚಿತ್ರವೆನಿಸದು. ಆದುದರಿಂದ ಕ್ರೋಬರ್ ಎಂಬ ಪ್ರಾಧ್ಯಾಪಕರು ಆತನನ್ನು ಇಶಿ ಎಂದು ಕರೆದರು. ಆತನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದೇ ಅರ್ಥ. ಇಶಿ ಸ್ಯಾನ್‌ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ವಾಸವಾಗಿದ್ದು, 1916ರ ಮಾರ್ಚ್ 25ರಂದು ಕ್ಷಯದಿಂದ ತೀರಿಕೊಂಡ. ದೂರದಲ್ಲಿದ್ದ ಕ್ರೋಬರ್ ಶವವನ್ನು ಕೊಯ್ಯಕೂಡದೆಂದು ಬರೆದ ಕಾಗದ ತಡವಾಗಿ ಮುಟ್ಟಿತು. ಆದರೆ ಆತನ ಮಿದುಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿದವರೂ ಆ ಕ್ರೋಬರರೇ. 2000ದಲ್ಲಿ ಆತನ ಬಳಗದ ಜನರ ಕೈಗೆ ಅದು ಮರಳಿತು. ಮನುಷ್ಯನೆಂದು ಹೆಸರಿಟ್ಟ ಶಾಸ್ತ್ರವೇ ಆತ ಮನುಷ್ಯನೆಂಬುದನ್ನು ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ಮರೆತಿತ್ತು. ತನ್ನ ಈ ತಪ್ಪನ್ನು ಮೊದಲ ತರಗತಿಯಲ್ಲಿಯೇ ವಿದ್ಯಾರ್ಥಿಗಳ ಮುಂದಿಡುವ ಶಾಸ್ತ್ರವನ್ನು ನಾವು ಗೌರವಿಸದಿರಲಾರೆವು.

ಇಶಿ ಸಿಕ್ಕಿದ ಸ್ಥಳದಲ್ಲಿ ಈಗ ಒಂದು ಸ್ಮಾರಕಶಿಲೆಯಿದೆ. ಪಕ್ಕದಲ್ಲಿ ವಾಹನಗಳು ಓಡುತ್ತಲೇ ಇರುತ್ತವೆ. ಮೊಮ್ಮಕ್ಕಳು ಬರಹವನ್ನು ಓದುತ್ತಿರಲು ನಮಗೆ ಬೇರೊಂದು ಬರಹ ನೆನಪಾಯಿತು. 1994ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ, ಜೇನುಕುರುಬರ ಹುಡುಗನೊಬ್ಬ ಜೇನಿನ ಮೇಲೆ ಪ್ರಬಂಧ ಬರೆದಿದ್ದ. ಹುಳುವಿಗೂ ಹಟ್ಟಿಗೂ ಹೊಗೆ ಹಾಕುವ ಸೊಪ್ಪಿಗೂ ತನ್ನ ಮನೆಯ ಮಾತುಗಳನ್ನೇ ಬಳಸಿದ್ದ. ನಾವು ಅವೆಲ್ಲವನ್ನೂ ಹೊಡೆದುಹಾಕಿ, ಅಂಚಿನಲ್ಲಿ “ಅಶುದ್ಧ” ಎಂದು ಬರೆದೆವು. ಎಷ್ಟು ಶಬ್ದಗಳಿದ್ದವೋ, ಒಂದಾದರೂ ನೆನಪಿಲ್ಲ. ವಾಟರ್ಮನ್ ಒಂದು ಶಬ್ದದಿಂದ ಬಾಗಿಲು ತೆರೆದ. ನಾವು ಒಂದು ಪುಟ ತುಂಬ ಶಬ್ದಗಳಿಂದ ಬಾಗಿಲು ಮುಚ್ಚಿದ್ದೆವು.

ಊರಿಗೆ ಮರಳಿದ ತಿಂಗಳೊಳಗೆ ವಿಚಾರಿಸಿಕೊಂಡು ಆತನ ಹಾಡಿಗೆ ಹೋದೆವು. ಆತ ಈಗ ನಲವತ್ತು ದಾಟಿದ ಸಂಸಾರಿ. ಪ್ರಬಂಧದ ಸಂಗತಿ ಆತನಿಗೆ ನೆನಪಿತ್ತು. ಹೇಳಿದಾಗ ತಲೆ ತಗ್ಗಿಸಿದ, ನಾವೂ ತಗ್ಗಿಸಿದೆವು. ಆ ಮಾತುಗಳನ್ನು ಹೇಳಿಕೊಡಬೇಕೆಂದು ಬೇಡಿದೆವು. “ನನಗೂ ಅರ್ಧ ಮರೆತೋಗೈತೆ ಮೇಷ್ಟ್ರೇ, ಅವ್ವನ್ನ ಕೇಳಬೇಕು” ಎಂದ. ಮುದುಕಿ ಬಾಗಿಲಲ್ಲಿ ಕುಳಿತು ಹೇಳುತ್ತ ಹೋದರು. ನಾವು ಕೇಳಿದಂತೆಯೇ ಬರೆದುಕೊಂಡೆವು, ಒಂದನ್ನೂ ತಿದ್ದಲಿಲ್ಲ. ಪಟ್ಟಿ ಇನ್ನೂ ಮುಗಿದಿಲ್ಲ. ಮುಂದಿನ ತಿಂಗಳು ಮತ್ತೆ ಹೋಗುವುದುಂಟು.