ಅನ್‌ಲೆಸ್

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಒಂದು ಕಾಫಿ ಕುಡಿದು ನಡ್ಕೊಂಡೇ ಚಾಮರಾಜಪೇಟೆಗೆ ಹೋಗ್ತೀನಿ. ಅಲ್ಲೊಂದು ಭಜನೆ ಮಂದಿರದ ಹಿಂದೆ ಸಣ್ಣ ಹಾಲ್ ಇದೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಹದಿನೈದಿಪ್ಪತ್ತು ಮಕ್ಕಳು ಬರ್ತಾರೆ. ನಾನು ಹೋಗಿದ್ದು ಗಣಿತ ಹೇಳ್ಕೊಡೋಕೆ. ಇಂಗ್ಲಿಷ್ ಹೇಳ್ಕೊಡೋ ಮೇಡಂಗೆ ಮೈಸೂರಿಗೆ ವರ್ಗ ಆಗಿ, ಒಂದು ದಿನ ಆ ಪುಸ್ತಕಾನೂ ನನ್ನ ಕೈಗೇ ಬಂತು.

ಮೊದಲನೇ ದಿನ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಪಾಠ ಓದಮ್ಮಾ ಅಂದೆ. ಎದ್ದು ನಿಂತು ಸರಪಟಾಕಿ ಹಚ್ಚಿದ ಹಾಗೆ ಓದಿದಳು. ಎಲ್ಲೂ ತಡವರಿಸಲಿಲ್ಲ. ನನಗೆ ಖುಷಿಯಾಯ್ತು. ಕೊನೆಯಲ್ಲಿದ್ದ ನಾಲ್ಕು ಪ್ರಶ್ನೆ ಕೇಳಿದೆ, ನಾಲ್ಕಕ್ಕೂ ಸರಿ ಉತ್ತರ. ಆಮೇಲೆ ಸುಮ್ಮನೆ, ಮಾತಿಗೆ ಕೇಳಿದ ಹಾಗೆ, 'ಏನು ಕಥೆ ಇದು? ಕನ್ನಡದಲ್ಲಿ ಹೇಳು ನೋಡೋಣ' ಅಂದೆ.

ಹುಡುಗಿ ಪುಸ್ತಕ ನೋಡಿದಳು, ನನ್ನ ನೋಡಿದಳು, ತಲೆ ತಗ್ಗಿಸಿದಳು. 'ಗೊತ್ತಿಲ್ಲ ಅಣ್ಣ.'

ಹಾಗಾದ್ರೆ ನಾಲ್ಕು ಉತ್ತರ ಹೇಗೆ ಬಂತು? ಅದು ನನಗೆ ಚೆನ್ನಾಗಿ ಗೊತ್ತಿರೋ ವಿದ್ಯೆ. ಈ ವಾಕ್ಯ ನೋಡಿ: 'ಗಿಮ್ಮನು ತೊಳಪೆಯಲ್ಲಿ ಬುರಕನ್ನು ಸಿಂಜಿಸಿದನು.' ಪ್ರಶ್ನೆ: ಗಿಮ್ಮನು ಎಲ್ಲಿ ಬುರಕನ್ನು ಸಿಂಜಿಸಿದನು? ಉತ್ತರ: ತೊಳಪೆಯಲ್ಲಿ. ಎರಡಕ್ಕೆ ಎರಡು ಅಂಕ! ಗಿಮ್ಮ ಯಾರು, ಬುರಕ ತಿನ್ನೋ ಪದಾರ್ಥವೋ ಉಡೋದೋ, ಯಾವುದೂ ಬೇಕಾಗಿಲ್ಲ. ಪ್ರಶ್ನೆಯಲ್ಲಿರೋ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಆ ಸಾಲು ಎತ್ತಿ ಬರಿ. ನಮ್ಮ ಮೇಷ್ಟ್ರು ನಮಗೆ ಹೇಳ್ಕೊಟ್ಟಿದ್ದೂ ಇದನ್ನೇ, ಅವರಿಗೂ ಯಾರೋ ಹೇಳ್ಕೊಟ್ಟಿರಬೇಕು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ನಾವೆಲ್ಲ ಕಂಟ್ರೋಲ್-ಎಫ್ ಮಾಡ್ಕೊಂಡೇ ಪಾಸಾದವರು. ಹತ್ತನೇ ಕ್ಲಾಸಲ್ಲಿ ನನಗೆ ಇಂಗ್ಲಿಷಿನಲ್ಲಿ 88 ಬಂದಿತ್ತು. ಊರಿನವರ ಲೆಕ್ಕದಲ್ಲಿ ನಾನು ಇಂಗ್ಲಿಷ್ ಪಂಡಿತ.

ತಿಪಟೂರು ಕಡೆ ಹಳ್ಳಿ ನಮ್ದು. ನನ್ನ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಎಬಿಸಿಡಿ ಶುರುವಾಗ್ತಿದ್ದಿದ್ದೇ ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಬಂದಿದ್ದು 2007ರ ಆಸುಪಾಸಿನಲ್ಲಿ, ಅಷ್ಟೊತ್ತಿಗೆ ನಾನು ಬಿಇ ಓದ್ತಿದ್ದೆ. ಹಾಗಾಗಿ ಊರಿಗೆ ಬರೋ ಇಂಗ್ಲಿಷ್ ಕಾಗದ ಎಲ್ಲ ನಮ್ಮ ಜಗಲಿಗೇ ಬರ್ತಿತ್ತು. ಓದಿ ಹೇಳೋದು ನನ್ನ ಕೆಲಸ, ಕೇಳಿಸ್ಕೊಂಡು ಹೆಮ್ಮೆ ಪಡೋದು ಅಮ್ಮನ ಕೆಲಸ.

ಹತ್ತನೇ ಕ್ಲಾಸಲ್ಲಿದ್ದಾಗ ದೊಡ್ಡಪ್ಪ ಒಂದು ಕಾಗದ ತಂದ್ರು. ಅವರ ಸೀಮೆಹಸು ಸತ್ತು ತಿಂಗಳಾಗಿತ್ತು. 12,000 ರೂಪಾಯಿಗೆ ವಿಮೆ ಮಾಡಿಸಿದ್ರು. ಕಾಗದ ವಿಮೆಯವರದ್ದು. 'ಏನಂತೈತೆ ನೋಡು ಮಗಾ' ಅಂದ್ರು. ನಾನು ಎದ್ದು ನಿಂತು, ಆ ಹುಡುಗಿ ಓದಿದಳಲ್ಲ ಹಾಗೇ, ಗಟ್ಟಿಯಾಗಿ ಪೂರ್ತಿ ಓದಿದೆ. ಕ್ಲೈಮ್ ಅಂತಿತ್ತು, ಅಮೌಂಟ್ ಅಂತಿತ್ತು, ವಿತಿನ್ ಥರ್ಟಿ ಡೇಸ್ ಅಂತಿತ್ತು. ಅಷ್ಟು ಸಾಕಲ್ಲ! 'ಮೂವತ್ತು ದಿನದೊಳಗೆ ದುಡ್ಡು ಬರುತ್ತಂತೆ ದೊಡ್ಡಪ್ಪ' ಅಂದೆ. ದೊಡ್ಡಮ್ಮ ಒಳಗಿಂದ ಬೆಲ್ಲ ತಂದು ಕೈಗಿಟ್ರು.

ಮೂವತ್ತು ದಿನ ಆಯ್ತು, ಅರವತ್ತು ಆಯ್ತು. ದೊಡ್ಡಪ್ಪ ಬಸ್ ಹತ್ತಿ ಪೇಟೆಗೆ ಹೋಗಿ ಕೇಳಿದ್ರೆ, ಅಲ್ಲಿನವರು ಕನ್ನಡದಲ್ಲೇ ಹೇಳಿದ್ರಂತೆ: ಹಸುವಿನ ಕಿವಿಯೋಲೆ ಮತ್ತೆ ಡಾಕ್ಟರ ಪೋಸ್ಟ್‌ಮಾರ್ಟಂ ಸರ್ಟಿಫಿಕೇಟು ಮೂವತ್ತು ದಿನದೊಳಗೆ ತಂದುಕೊಡದೆ ಇದ್ರೆ ಕ್ಲೈಮ್ ಇಲ್ಲ ಅಂತ ಬರೆದಿದ್ವಲ್ಲ, ಈಗ ಬಂದ್ರೆ ಹೇಗೆ ಅಂತ. ಜಾನುವಾರು ವಿಮೆಯಲ್ಲಿ ಓಲೆಯೇ ಪ್ರಾಣ. ಹಸುವಿನ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಿರ್ತಾರಲ್ಲ, ಸತ್ತಿದ್ದು ವಿಮೆ ಮಾಡಿಸಿದ ಹಸುವೇ ಅನ್ನೋದಕ್ಕೆ ಅದೊಂದೇ ಗುರುತು. ಓಲೆ ಇಲ್ಲ ಅಂದ್ರೆ ದುಡ್ಡಿಲ್ಲ. ದೊಡ್ಡಪ್ಪ ಹಸು ಹೂಳೋ ಮುಂಚೆ ಅದನ್ನ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ದೇವರ ಗೂಡಲ್ಲಿ ಇಟ್ಟಿದ್ರು. ಅಷ್ಟು ದಿನವೂ ಅದು ಅಲ್ಲೇ ಇತ್ತು.

ವಾಪಸ್ ಬಂದವರು ನನ್ನ ಬೈಲಿಲ್ಲ. 'ಆ ಕಾಗದದಾಗೆ ಓಲೆ ವಿಚಾರ ಇರ್ಲಿಲ್ವೇನಪ್ಪಾ?' ಅಂತ ಮಾತ್ರ ಕೇಳಿದ್ರು.

'ಇರ್ಲಿಲ್ಲ ದೊಡ್ಡಪ್ಪ' ಅಂದೆ.

ಅಲ್ಲಿಗೆ ಮಾತು ಮುಗೀತು. ನಾನು ಪಿಯುಸಿ ಮಾಡಿದೆ, ಗ್ರಾಮೀಣ ಕೋಟಾದಲ್ಲಿ ಸಿಇಟಿ ಸೀಟು ಸಿಕ್ತು, ಬಿಇ ಆಯ್ತು, ಕೆಲಸ ಆಯ್ತು, ಬಸವನಗುಡಿಯಲ್ಲಿ ಬಾಡಿಗೆ ಮನೆಯೂ ಆಯ್ತು. ಕ್ಯಾಂಪಸ್ ಟೆಸ್ಟಿನ ವರ್ಬಲ್ ಸೆಕ್ಷನ್ನನ್ನೂ ಅದೇ ಕಂಟ್ರೋಲ್-ಎಫ್ ವಿದ್ಯೆಯಿಂದ ದಾಟಿದೆ.

ಆಮೇಲೆ ಸಿಕ್ಕಿಬಿದ್ದಿದ್ದು ಆಫೀಸಿನಲ್ಲಿ. ನಮ್ಮ ಕ್ಲೈಂಟ್ ಒಬ್ಬ ಇಂಗ್ಲೆಂಡಿನವನು, ಮಹಾ ಮರ್ಯಾದಸ್ಥ. ಹಳೇ ರಿಪೋರ್ಟನ್ನ ಹಾಗೇ ಬಿಟ್ಟರೆ ತನ್ನ ಅಭ್ಯಂತರ ಏನೂ ಇಲ್ಲ ಅನ್ನೋ ಅರ್ಥದ ಒಂದು ಸಾಲು ಬರೆದಿದ್ದ. ಐ ವುಡ್‌ಂಟ್ ಮೈಂಡ್ ಅಂತ ಶುರುವಾಗ್ತಿತ್ತು. ನನ್ನ ಕಣ್ಣಿಗೆ ಬಿದ್ದಿದ್ದು 'ಮೈಂಡ್ ಇಲ್ಲ' ಅನ್ನೋದಷ್ಟೇ. ಏನಾದ್ರೂ ಮಾಡ್ಕೊಳ್ಳಿ ಅಂತಿದಾನೆ ಅಂದ್ಕೊಂಡು ಎರಡು ವಾರ ಕೂತು ಆ ರಿಪೋರ್ಟನ್ನ ಹೊಸದಾಗಿ ಬರೆದೆ. ಅದನ್ನ ಮುಟ್ಟಬೇಡಿ ಅನ್ನೋದನ್ನ ಆತ ನಯವಾಗಿ ಹೇಳಿದ್ದ. ಆ ವರ್ಷದ ಅಪ್ರೈಸಲ್‌ನಲ್ಲಿ ಬಂದ ಕಾಮೆಂಟನ್ನ ಮಾತ್ರ ನಾನು ಸರಿಯಾಗೇ ಅರ್ಥ ಮಾಡ್ಕೊಂಡೆ.

ಹಾಗಾಗಿ ಆ ಹುಡುಗಿ 'ಗೊತ್ತಿಲ್ಲ ಅಣ್ಣ' ಅಂದಾಗ ಅಲ್ಲಿ ತಲೆ ತಗ್ಗಿಸಿ ನಿಂತಿದ್ದು ನಾನೇ ಅನ್ನಿಸ್ತು. ಒಂದು ವ್ಯತ್ಯಾಸ ಇತ್ತು: ಅವಳು ನಿಜ ಹೇಳಿದ್ಲು.

ನಾವಿಬ್ಬರೇ ಅಲ್ಲ. ಅಸರ್ ಅಂತ ಒಂದು ಸಮೀಕ್ಷೆ ಇದೆ, ಪ್ರಥಮ್ ಸಂಸ್ಥೆ 2005ರಿಂದ ನಡೆಸ್ತಾ ಬಂದಿದೆ. ಅದರಲ್ಲಿ ನನಗೆ ಇಷ್ಟ ಆಗೋದು ಏನಂದ್ರೆ, ಇಂಗ್ಲಿಷ್ ವಾಕ್ಯ ಓದಿಸಿ ಅಲ್ಲಿಗೇ ಬಿಡಲ್ಲ, ಅದರ ಅರ್ಥ ನಿನ್ನ ಭಾಷೇಲಿ ಹೇಳು ಅಂತಾನೂ ಕೇಳ್ತಾರೆ. 2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನ ಕೇಳಿದಾಗ, ಇಂಗ್ಲಿಷ್ ವಾಕ್ಯ ಓದೋಕೆ ಬಂದಿದ್ದು ಶೇ. 57.3 ಮಂದಿಗೆ. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಶೇ. 73.5. ಗುಣಿಸಿ ನೋಡಿ: ನೂರರಲ್ಲಿ ಐವತ್ತೇಳು ಜನ ಓದ್ತಾರೆ, ನಲವತ್ತೆರಡು ಜನಕ್ಕೆ ಅರ್ಥ ಆಗುತ್ತೆ. ಮಧ್ಯದ ಆ ಹದಿನೈದು ಜನ ಇದಾರಲ್ಲ, ಅವರ ಮನೆ ಜಗಲಿಗೂ ಯಾರದೋ ದೊಡ್ಡಪ್ಪ ಕಾಗದ ಹಿಡ್ಕೊಂಡು ಬರ್ತಿರಬಹುದು. ಓದೋಕೇ ಬರದವನಿಂದ ಅಪಾಯ ಇಲ್ಲ, ಅವನು ಬೇರೆಯವರನ್ನ ಕೇಳ್ತಾನೆ.

ಸಮಸ್ಯೆ ಸಿಕ್ರೆ ಎಂಜಿನಿಯರ್ ಏನು ಮಾಡ್ತಾನೆ? ಗೂಗಲ್. ಗಾಫ್ ಮತ್ತು ಟನ್ಮರ್ ಅನ್ನೋ ಇಬ್ಬರು 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟಿದಾರೆ: ಅಕ್ಷರ ಬಿಡಿಸಿ ಓದೋ ಶಕ್ತಿ, ಭಾಷೆ ಕೇಳಿ ಅರ್ಥ ಮಾಡ್ಕೊಳ್ಳೋ ಶಕ್ತಿ, ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ. ಕೂಡೋದಲ್ಲ, ಗುಣಿಸೋದು. ಒಂದು ಸೊನ್ನೆಯಾದ್ರೆ ಇನ್ನೊಂದು ಎಷ್ಟಿದ್ರೂ ಉತ್ತರ ಸೊನ್ನೆ. ಸರಪಟಾಕಿ ಓದು ಅಂದ್ರೆ ಇದೇ.

ಅಳೆಯೋಕೆ ಇನ್ನೊಂದು ಉಪಾಯ ಸಿಕ್ತು. 1953ರಲ್ಲಿ ವಿಲ್ಸನ್ ಟೇಲರ್ ಅನ್ನೋರು ಮಾಡಿದ ಕ್ಲೋಝ್ ಪರೀಕ್ಷೆ. ಒಂದು ಪ್ಯಾಸೇಜಿನಲ್ಲಿ ಪ್ರತಿ ಐದನೇ ಪದ ಅಳಿಸಿ ಖಾಲಿ ಬಿಡಬೇಕು, ಓದುವವರು ತುಂಬಬೇಕು. ಇಲ್ಲಿ ಹುಡುಕಿ ಎತ್ತಿ ಬರೆಯೋಕೆ ಆಗಲ್ಲ. ಪೈಥಾನ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಮಕ್ಕಳಿಗೆ ಕೊಡೋ ಮುಂಚೆ, ಒಂದು ಇಂಗ್ಲಿಷ್ ಪೇಪರಿನ ಸಂಪಾದಕೀಯವನ್ನ ಅದಕ್ಕೆ ಹಾಕಿ ನಾನೇ ಕೂತು ಬರೆದೆ. 50ಕ್ಕೆ 29. ಅದೂ ಸಮಾನಾರ್ಥಕ ಪದಗಳಿಗೆ ಉದಾರವಾಗಿ ಅಂಕ ಕೊಟ್ಕೊಂಡು! ಹೆಂಡತಿಗೆ ತೋರಿಸ್ಲಿಲ್ಲ, ಅವಳು ಮಲ್ಲೇಶ್ವರದ ಕಾನ್ವೆಂಟಿನಲ್ಲಿ ಓದಿದವಳು.

ಮಜಾ ಏನಂದ್ರೆ, ನಾನೂ ಮಕ್ಕಳೂ ತಪ್ಪಿದ್ದು ಒಂದೇ ಜಾಗದಲ್ಲಿ. ದೊಡ್ಡ ಪದಗಳಲ್ಲಿ ಅಲ್ಲ, ಚಿಲ್ಲರೆ ಪದಗಳಲ್ಲಿ. ಅನ್‌ಲೆಸ್, ಅಂಟಿಲ್, ದೋ, ಹಾರ್ಡ್ಲಿ, ರಾದರ್. ಬೋರ್ಡಿನ ಮೇಲೆ ಬರೆದೆ: 'ರವಿ ವಿಲ್ ನಾಟ್ ಗೋ ಹೋಮ್ ಅನ್‌ಲೆಸ್ ಹಿಸ್ ಮದರ್ ಕಾಲ್ಸ್.' ಅಮ್ಮ ಕರೀಲಿಲ್ಲ, ಈಗ ರವಿ ಎಲ್ಲಿದಾನೆ ಅಂತ ಕೇಳಿದೆ. ಅರ್ಧ ಕ್ಲಾಸು 'ಮನೇಲಿ' ಅಂತು. ಒಬ್ಬ 'ಅವರಮ್ಮ ಹುಡುಕ್ತಾ ಇದಾರೆ' ಅಂದ.

ಯಾಕೆ ಅಂತ ಯೋಚನೆ ಮಾಡಿದಾಗ ನನಗೆ ಹೊಳೆದಿದ್ದು ಇದು. ಕನ್ನಡದಲ್ಲಿ ಶರತ್ತು ಕ್ರಿಯಾಪದದ ಬಾಲದಲ್ಲಿರುತ್ತೆ, ಅದೂ ಸಾಮಾನ್ಯವಾಗಿ ಮೊದಲೇ ಬರುತ್ತೆ. 'ಅಮ್ಮ ಕರೆಯದಿದ್ರೆ ರವಿ ಮನೆಗೆ ಹೋಗಲ್ಲ.' ಕರೆಯದಿದ್ರೆ ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ. ಇಂಗ್ಲಿಷಿನಲ್ಲಿ ಅದೇ ಶರತ್ತು ವಾಕ್ಯದ ನಡುವೆ ಒಂದು ಪುಟಾಣಿ ಪದವಾಗಿ ಕೂತಿರುತ್ತೆ, ಬಾಲದಲ್ಲಿ ಅರ್ಥ ಹುಡುಕಿ ಅಭ್ಯಾಸವಾದ ನಮ್ಮ ಕಣ್ಣು ಅದನ್ನ ಹಾರಿಸ್ಕೊಂಡು ಮುಂದೆ ಹೋಗುತ್ತೆ. ನನ್ನ ಸ್ಕ್ರಿಪ್ಟನ್ನ ಕನ್ನಡದ ಪ್ಯಾಸೇಜಿಗೆ ಹಾಕಿದಾಗ ಇದು ಇನ್ನೂ ಸ್ಪಷ್ಟವಾಯ್ತು. ಐದನೇ ಪದ ಅಳಿಸಿದ್ರೆ ಅದರ ಜೊತೆ ವಿಭಕ್ತಿ, ಕಾಲ, ಶರತ್ತು ಎಲ್ಲ ಗಂಟುಕಟ್ಕೊಂಡು ಹೋಗುತ್ತೆ, ತುಂಬೋಕೆ ಪ್ರಾಣ ಹೋಗುತ್ತೆ.

ಇನ್ನೊಂದು ಪಾಠ ಕಲಿಸಿದ್ದು ಕಡಲೆಕಾಯಿ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋರು ಅಮೆರಿಕದಲ್ಲಿ ಬೇಸ್‌ಬಾಲ್ ಬಗ್ಗೆ ಒಂದು ಪ್ಯಾಸೇಜು ಕೊಟ್ಟು ನೋಡಿದ್ರು. ಓದಿನಲ್ಲಿ ಹಿಂದಿದ್ರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡ್ರು. ನಮ್ಮ ಹಾಲ್‌ನಲ್ಲಿ ಹಿಮದ ಮೇಲೆ ಜಾರೋ ಆಟದ ಪ್ಯಾಸೇಜು ಕೊಟ್ಟಾಗ ಎಲ್ಲರೂ ಮಲಗಿಬಿಟ್ರು. ಮುಂದಿನ ವಾರ ನಾನೇ ಕೂತು ಇಂಗ್ಲಿಷಿನಲ್ಲಿ ಎರಡು ಪ್ಯಾರಾ ಬರೆದೆ. ಒಂದು ಬಸವನಗುಡಿ ಪರಿಷೆ, ಕಾರ್ತೀಕದ ಕೊನೇ ಸೋಮವಾರ, ಸೇರು ಲೆಕ್ಕದ ಕಡಲೆಕಾಯಿ. ಇನ್ನೊಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಕೆ.ಆರ್. ಮಾರ್ಕೆಟ್ಟಿನ ಹೂವಿನ ರೇಟು. ನಮ್ಮ ಸರಪಟಾಕಿ ಹುಡುಗಿಯ ಅಮ್ಮ ಅಲ್ಲೇ ಹೂ ಕಟ್ಟೋದು. ಅವಳು ಓದ್ತಾ ಓದ್ತಾ ಒಂದು ಸಾಲಿನ ಹತ್ರ ನಿಂತು, 'ಅಣ್ಣ, ಇದು ತಪ್ಪು. ಬೆಳಗಿನ ಜಾವ ರೇಟು ಇಳಿಯಲ್ಲ, ಏರುತ್ತೆ' ಅಂದಳು. ಬರೆದವನ ತಪ್ಪು ಹಿಡೀಬೇಕಾದ್ರೆ ಬರೆದಿದ್ದು ಅರ್ಥ ಆಗಿರಲೇಬೇಕು. ಆ ಬೆಳಿಗ್ಗೆ ನನಗಾದ ಸಂತೋಷ ಯಾವ ರಿಲೀಸಿನಲ್ಲೂ ಆಗಿಲ್ಲ.

ಅಲ್ಲಿಂದ ನಾವು ಮಾಡ್ತಿರೋದು ಬಹಳ ಸರಳ. ಗಟ್ಟಿಯಾಗಿ ಓದೋದು ಬಂದ್. ಮನಸ್ಸಲ್ಲಿ ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಕನ್ನಡದಲ್ಲಿ ಹೇಳಬೇಕು. ತಮಿಳು, ಉರ್ದು, ತೆಲುಗು ಮನೆಯವರು ಅವರವರ ಭಾಷೇಲಿ ಹೇಳ್ತಾರೆ. ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ದಂಡ ಹಾಕೋ ಕಡೆ ಇದು ಅಪರಾಧ, ಗೊತ್ತು. ಆದ್ರೆ ಬಿ.ಎಂ.ಶ್ರೀ ಇಂಗ್ಲಿಷ್ ಪ್ರೊಫೆಸರಾಗಿದ್ದೂ ಆ ಕವಿತೆಗಳನ್ನ ಕನ್ನಡಕ್ಕೆ ತಂದೇ ತಂದ್ರಲ್ಲ? ಅನುವಾದಕ್ಕಿಂತ ಕಠಿಣವಾದ ಕಾಂಪ್ರಿಹೆನ್ಷನ್ ಟೆಸ್ಟ್ ಯಾವುದಿದೆ? ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ, ಹಂತ ಹಂತವಾಗಿ, ಬಿಟ್ಟಿ ಸಿಗ್ತವೆ. ಇಂಗ್ಲಿಷ್ ಓದಿ ಹೇಳಿ, ಆಮೇಲೆ ಕನ್ನಡದ್ದು ತೆರೆದು ತಾಳೆ ನೋಡ್ತಾರೆ.

ಹಂತ ಮುಖ್ಯ. ಹೂ ಮತ್ತು ನೇಷನ್ ಅನ್ನೋರ 2000ದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಒಂದು ಕಥೆ ಅರ್ಥ ಆಗಬೇಕಾದ್ರೆ ನೂರಕ್ಕೆ ತೊಂಬತ್ತೆಂಟು ಪದ ಗೊತ್ತಿರಬೇಕು. ಅಂದ್ರೆ ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ. ನಾವೆಲ್ಲ ಪೌರುಷಕ್ಕೆ ದಪ್ಪ ಪುಸ್ತಕ ತಗೊಂಡು ಮೂರನೇ ಪುಟಕ್ಕೆ ಮಡಚಿಡೋದು ಇದಕ್ಕೇ. ನಾನು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಿಂದ ಮಕ್ಕಳ ಕಥೆ ಪುಸ್ತಕ ಕಟ್ಟಿಸ್ಕೊಂಡು ಬಂದು, ನ್ಯಾಷನಲ್ ಕಾಲೇಜ್ ಸ್ಟೇಷನ್ನಿಂದ ಮೆಟ್ರೋದಲ್ಲಿ ಓದ್ಕೊಂಡು ಹೋಗ್ತೀನಿ. ಮುಖಪುಟದಲ್ಲಿ ಟೋಪಿ ಹಾಕಿದ ಇಲಿ ಇರುತ್ತೆ. ಮೊದಲ ವಾರ ನಾಚಿಕೆ ಆಯ್ತು. ಆಮೇಲೆ ಇಲಿಗೆ ಏನಾಯ್ತು ಅನ್ನೋದೇ ಮುಖ್ಯ ಆಯ್ತು.

ಈ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆ ಜಗಲಿಯಲ್ಲಿ ಕೂತು, ಆ ವಿಮೆ ಕಾಗದ ಇದೆಯಾ ಅಂತ ಕೇಳಿದೆ. ದೊಡ್ಡಪ್ಪ ಕಾಗದ ಬಿಸಾಕೋ ಪೈಕಿ ಅಲ್ಲ. ಟ್ರಂಕಿನಲ್ಲಿ ಪಹಣಿಗಳ ಕೆಳಗೆ ಇತ್ತು. ಅರ್ಧ ಪುಟವೂ ಇಲ್ಲ. ಎರಡನೇ ಪ್ಯಾರಾದ ಮೊದಲ ಸಾಲಲ್ಲೇ ಅನ್‌ಲೆಸ್, ಅದರ ಪಕ್ಕದಲ್ಲೇ ಇಯರ್ ಟ್ಯಾಗ್. ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದೆ. ಆಮೇಲೆ, 'ಓಲೆ ವಿಚಾರ ಇತ್ತು ದೊಡ್ಡಪ್ಪ. ನಾನು ಇರ್ಲಿಲ್ಲ ಅಂದಿದ್ದು ಸುಳ್ಳು. ನಂಗೆ ಅರ್ಥಾನೇ ಆಗಿರ್ಲಿಲ್ಲ' ಅಂದೆ.

ಅವರು ಸ್ವಲ್ಪ ಹೊತ್ತು ಅಡಿಕೆ ಅಗಿದ್ರು.

'ನಂಗೊತ್ತಿತ್ತು ಬಿಡು' ಅಂದ್ರು. ಒಳಗೆ ಹೋಗಿ ಬ್ಯಾಂಕಿನಿಂದ ಬಂದಿದ್ದ ಇನ್ನೊಂದು ಕವರ್ ತಂದು ನನ್ನ ಕೈಗೆ ಕೊಟ್ರು. 'ಇದ ನೋಡು. ಅವಸರ ಇಲ್ಲ, ನಿಧಾನಕ್ಕೆ ಓದ್ಕೊ. ಊಟ ಆದ್ಮೇಲೆ ಹೇಳುವಂತೆ.'