ಹತ್ತು ಮರಿಗಳ ಲೆಕ್ಕ

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಹಾಸನದ ಹತ್ತಿರದ ನಮ್ಮ ಹಳ್ಳಿಯಿಂದ ಹೈದರಾಬಾದಿಗೆ ಕರೆದುಕೊಂಡು ಬಂದೆ. ನಾವು ಸೈನಿಕಪುರಿ ಕಡೆ ಮನೆ ಮಾಡಿ 22 ವರ್ಷವಾಯ್ತು. ಅವ್ವನಿಗೆ ತೆಲುಗು ಬಾರದು, ಟೀವಿ ಬೇಡ. ವಾರಕ್ಕೊಮ್ಮೆ ತಪ್ಪದೆ "ಊರಿಗೆ ಯಾವಾಗ ಕಳಿಸ್ತೀಯಪ್ಪ?" ಅನ್ನುತ್ತಿದ್ದಳು. ಹಿತ್ತಲಲ್ಲಿ ನಾಲ್ಕು ನಾಟಿಕೋಳಿ ತಂದು ಬಿಟ್ಟದ್ದು ಆಕೆಗೋಸ್ಕರವೇ. ಬೆಳಿಗ್ಗೆ ನುಚ್ಚು ಎರಚಿ, ಅವುಗಳ ಜೊತೆ ಹಾಸನದ ಕನ್ನಡದಲ್ಲಿ ಜಗಳವಾಡುತ್ತಾ ಕೂತರೆ ಹತ್ತು ಗಂಟೆಯಾಗುತ್ತಿತ್ತು.

ನಾಲ್ಕಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ನನಗೆ ಹುಕಿ ಬಂದು ಹತ್ತು ವನರಾಜ ಮರಿ ತಂದೆ. ನಮ್ಮ ಗಿರಿರಾಜ ಬೆಂಗಳೂರಿನ ಹೆಬ್ಬಾಳದ್ದಾದರೆ, ಈ ವನರಾಜ ಇಲ್ಲಿಯ ರಾಜೇಂದ್ರನಗರದ ಕೋಳಿ ಸಂಶೋಧನಾ ಕೇಂದ್ರದ ತಳಿ. ಹಿತ್ತಲಲ್ಲಿ ಮೇಯ್ದುಕೊಂಡು ಬೆಳೆಯಲೆಂದೇ ಮಾಡಿದ್ದು. ಒಂದು ದಿನದ ಮರಿಗಳು, ಅಂಗೈಯಲ್ಲಿ ಎರಡು ಹಿಡಿಸುತ್ತಿದ್ದವು.

ಅವ್ವ ಮೊದಲು ಕೇಳಿದ್ದು, "ಯಾವ ಕೋಳಿ ಕಾವಿಗೆ ಕೂತದೆ ಅಂತ ತಂದೆ?" ಕಾವಿಗೆ ಕೂತ ಕೋಳಿಯಿದ್ದರೆ ರಾತ್ರಿ ಹೊತ್ತು ಅದರ ಹೊಟ್ಟೆ ಕೆಳಗೆ ಮರಿ ಸೇರಿಸಿಬಿಡಬಹುದಂತೆ. ಬೆಳಗಾಗುವಷ್ಟರಲ್ಲಿ ತನ್ನವೇ ಅಂದುಕೊಳ್ಳುತ್ತದೆ. ನಮ್ಮ ನಾಲ್ಕರಲ್ಲಿ ಒಂದೂ ಕೂತಿರಲಿಲ್ಲ. ಹಾಗಾಗಿ ಕೋಳಿಯ ಕೆಲಸ ನನ್ನ ಪಾಲಿಗೆ ಬಂತು.

ದೊಡ್ಡ ರಟ್ಟಿನ ಪೆಟ್ಟಿಗೆ, ತಳಕ್ಕೆ ಭತ್ತದ ಹೊಟ್ಟು, ಮೇಲಿಂದ 60 ವ್ಯಾಟಿನ ಹಳೇ ಬಲ್ಬು. ಈ ಬಲ್ಬಿಗಾಗಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲೆಲ್ಲೂ ಎಲ್‌ಇಡಿ. ಅದರಲ್ಲಿ ಬೆಳಕುಂಟು, ಕಾವಿಲ್ಲ. ಮೊದಲ ವಾರ 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ನಾನು ಥರ್ಮಾಮೀಟರ್ ತೂಗುಹಾಕಿ ದಿನಕ್ಕೆರಡು ಸಲ ಡೈರಿಯಲ್ಲಿ ಬರೆದೆ (ಬ್ಯಾಂಕಿನ ಚಟ, ಬಿಡುವುದಿಲ್ಲ). ಅವ್ವ ಪೆಟ್ಟಿಗೆಗೆ ಇಣುಕಿ ನೋಡುತ್ತಿದ್ದಳು ಅಷ್ಟೆ. ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಚಳಿ, ಮೂಲೆಗೆ ಓಡಿದರೆ ಸೆಕೆ, ಹರಡಿಕೊಂಡು ಮಲಗಿದ್ದರೆ ಸುಖ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದ್ದೂ ಅವಳೇ. ಇಲ್ಲದಿದ್ದರೆ ಬೆರಳುದ್ದ ನೀರಿನಲ್ಲೂ ಮುಳುಗಿ ಸಾಯುತ್ತವೆ.

ಐದನೇ ದಿನ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಸಿಕೆ. ಕಣ್ಣಿಗೆ ಒಂದೊಂದು ತೊಟ್ಟು. ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಔಷಧಿ, ನಮ್ಮಲ್ಲಿ ಹತ್ತು ಮರಿ. ಕಲೆಸಿದ ಮೇಲೆ ಉಳಿದದ್ದನ್ನು ಇಡುವಂತಿಲ್ಲ, ಚೆಲ್ಲಬೇಕು. ತೊಂಬತ್ತು ಪಾಲು ನಷ್ಟ! ಹೊಟ್ಟೆ ಉರಿಯಿತು ನೋಡಿ.

ಎರಡನೇ ವಾರದಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ನನಗೆ ಗಾಢ ನಿದ್ದೆ. ಎರಡೂವರೆಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಬೆಳಕು. ಅವ್ವ ಸ್ಟೀಲ್ ಡಬರಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ತನ್ನ ಹಳೇ ಸೀರೆ ಸುತ್ತಿ ಪೆಟ್ಟಿಗೆಯೊಳಗಿಟ್ಟು ಪಕ್ಕದಲ್ಲೇ ಕೂತಿದ್ದಾಳೆ. ಹತ್ತೂ ಮರಿ ಸೀರೆಗೆ ಒತ್ತಿಕೊಂಡಿದ್ದವು. "ಅರಚ್ತಾ ಇದ್ವು, ನಿಂಗೆ ಕೇಳಿಸ್ನಿಲ್ವಾ?" ಅಂದಳು. ಇಲ್ಲ, ಕೇಳಿಸಿರಲಿಲ್ಲ.

ಇಷ್ಟೆಲ್ಲಾ ಕಾಪಾಡಿಕೊಂಡು ಬಂದ ಮರಿಗಳಲ್ಲಿ ಒಂದನ್ನು ನಾನು ಕೈಯಾರೆ ಕಳೆದೆ.

ಆರು ವಾರಕ್ಕೆ ಮೈತುಂಬ ಪುಕ್ಕ ಬಂದಿತ್ತು. ಭಾನುವಾರ ಬೆಳಿಗ್ಗೆ, ಪೆಟ್ಟಿಗೆಯ ವಾಸನೆ ಸಾಕಾಗಿ, ಹತ್ತನ್ನೂ ತಂದು ಹಿತ್ತಲಲ್ಲಿ ದೊಡ್ಡ ಕೋಳಿಗಳ ನಡುವೆ ಬಿಟ್ಟೆ. ಅವ್ವ ಸ್ನಾನಕ್ಕೆ ಹೋಗಿದ್ದಳು. ನಾನು ಫೋನ್ ಬಂತೆಂದು ಒಳಗೆ ಬಂದೆ. ಹತ್ತು ನಿಮಿಷವಿರಬಹುದು. ಅಷ್ಟರಲ್ಲಿ ಕರಿಕೋಳಿ ಒಂದು ಮರಿಯನ್ನು ಗೋಡೆ ಮೂಲೆಗೆ ತಳ್ಳಿ ನೆತ್ತಿ ಕುಕ್ಕಿತ್ತು. ರಕ್ತ ಕಂಡರೆ ಕೋಳಿಗಳು ಬಿಡುವುದಿಲ್ಲ, ಉಳಿದ ಮೂರೂ ಸೇರಿಕೊಂಡಿದ್ದವು. ಮರಿಗೆ ಅರಿಸಿನ ಹಚ್ಚಿ ಮಲಗಿಸಿದೆವು. ಮಾರನೇ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವ್ವ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೊಂದು ಕ್ರಮವಿದೆ. ನೂರು ವರ್ಷದ ಹಿಂದೆ, 1920ರ ದಶಕದ ಆರಂಭದಲ್ಲೇ, ನಾರ್ವೆಯ ಷೆಲ್ಡರಪ್ ಎಬ್ಬೆ ಎಂಬಾತ ಅದನ್ನು ಬರೆದಿಟ್ಟಿದ್ದಾನೆ. ಹೊಸಬರು ಬಂದರೆ ಆ ಪಟ್ಟಿಯೆಲ್ಲ ಕಲಕಿಹೋಗುತ್ತದೆ, ಹಳಬರಿಗೆ ಸಿಟ್ಟು. ಇದನ್ನು ನಾನು ಓದಿಕೊಂಡದ್ದು ಮರಿ ಸತ್ತ ಮೇಲೆ.

ಆಮೇಲೆ ಸರಿಯಾಗಿ ಮಾಡಿದೆ. ಹಿತ್ತಲನ್ನು ತಂತಿಬಲೆಯಿಂದ ಎರಡು ಭಾಗ ಮಾಡಿ ಒಂಬತ್ತು ಮರಿಗಳನ್ನು ಒಂದು ಕಡೆ ಇಟ್ಟೆ. ನೋಡಬಹುದು, ಮುಟ್ಟುವಂತಿಲ್ಲ. ಮೂರು ವಾರ ಹಾಗೇ. ಮೊದಲ ದಿನಗಳಲ್ಲಿ ಕರಿಕೋಳಿ ಬಲೆಗೆ ಕೊಕ್ಕು ಬಡಿದದ್ದೇ ಬಡಿದದ್ದು, ಕ್ರಮೇಣ ಅದಕ್ಕೂ ಬೇಸರವಾಯ್ತು. ಮೊಟ್ಟೆಯಿಡುವ ಕೋಳಿಗಳ ಆಹಾರದಲ್ಲಿ ಸುಣ್ಣದಂಶ ಹೆಚ್ಚು, ಮರಿಗಳ ಮೂತ್ರಪಿಂಡಕ್ಕೆ ಅದಾಗದು. ಆದ್ದರಿಂದ ಎಲ್ಲಕ್ಕೂ ಬೆಳೆಯುವ ಮರಿಗಳ ಆಹಾರವನ್ನೇ ಹಾಕಿ, ದೊಡ್ಡವಕ್ಕೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಟ್ಟೆವು. ಮೇವಿನ ತಟ್ಟೆ ಮೂರು ಕಡೆ, ನೀರು ಎರಡು ಕಡೆ. ಅಡಗಿಕೊಳ್ಳಲು ಒಂದು ಹಳೇ ಮಂಕರಿ ಬೋರಲು ಹಾಕಿ, ಮರಿ ಮಾತ್ರ ನುಗ್ಗುವಷ್ಟು ಕಿಂಡಿ ಬಿಟ್ಟಳು ಅವ್ವ.

ಕೂಡಿಸಿದ್ದು ರಾತ್ರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಟಾರ್ಚಿಗೆ ಬಟ್ಟೆ ಸುತ್ತಿ, ಗೂಡಿನ ಅಡ್ಡಗಳುವಿನ ಮೇಲೆ ನಿದ್ದೆ ಹೋಗಿದ್ದ ದೊಡ್ಡವುಗಳ ಪಕ್ಕ ಒಂದೊಂದನ್ನೇ ಕೂರಿಸಿದೆವು. ನಾನು ಎತ್ತಿಕೊಡುವುದು, ಅವ್ವ ಕೂರಿಸುವುದು.

ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟುಕೊಂಡು ಎದ್ದರೆ, ಅವ್ವ ಆಗಲೇ ನನ್ನ ಸ್ವೆಟರ್ ಹಾಕಿಕೊಂಡು, ಕೈಯಲ್ಲೊಂದು ಕಡ್ಡಿ ಹಿಡಿದು ಗೂಡಿನ ಮುಂದೆ ಕೂತಿದ್ದಾಳೆ. ಬಾಗಿಲು ತೆಗೆದೆ. ದೊಡ್ಡವು ಇಳಿದವು, ಹಿಂದೆಯೇ ಮರಿಗಳು. ಕರಿಕೋಳಿ ಒಂದಕ್ಕೆ ಟಪ್ಪನೆ ಕುಕ್ಕಿತು. ನಾನು ನುಗ್ಗಿದೆ. ಅವ್ವ ಕಡ್ಡಿ ಅಡ್ಡ ಹಿಡಿದು ನನ್ನನ್ನೇ ತಡೆದಳು. ಮರಿ ತಲೆ ತಗ್ಗಿಸಿ ಮಂಕರಿಯೊಳಗೆ ನುಗ್ಗಿತು, ಎರಡು ನಿಮಿಷ ಬಿಟ್ಟು ಹೊರಬಂದು ಬೇರೆ ತಟ್ಟೆಗೆ ಬಾಯಿ ಹಾಕಿತು. ಕರಿಕೋಳಿ ತಿರುಗಿಯೂ ನೋಡಲಿಲ್ಲ.

ಅವ್ವ ಬೆರಳು ಮಡಿಸಿ ಎಣಿಸಿದಳು. ಒಂಬತ್ತು. ಆಮೇಲೆ ಹೇಳಿದಳು, "ಇವ್ರಲ್ಲಿ ಎರಡು ಹುಂಜ ಆಯ್ತವೆ. ಮಳೆಗಾಲಕ್ಕೆ ಕರೀದು ಕಾವಿಗೆ ಕೂತ್ರೆ ನಾನೇ ಮೊಟ್ಟೆ ಇಡ್ತೀನಿ. ನೀನು ಬಲ್ಬು ಗಿಲ್ಬು ಅಂತ ತರಕ್ಕೆ ಹೋಗ್ಬೇಡ."